ಅವ್ವನಿಗೆ ಆಗಿಬರುವ ದೋಣಿ

ಪೆಟ್ರೋಲು, ಡೀಸೆಲ್ಲು ಕುಡಿಯುವ ಯಾವ ಗಾಡಿಯೂ ನಮ್ಮ ಅವ್ವನಿಗೆ ಆಗಿಬರುವುದಿಲ್ಲ. ಬಸ್ಸು ಹತ್ತಿದರೆ ವಾಂತಿ, ಕಾರು ಹತ್ತಿದರೆ ವಾಂತಿ. ಟೆಂಪೋ ಬಂದು ಮನೆಯ ಮುಂದೆ ನಿಂತು ಹೊಗೆ ಬಿಟ್ಟರೆ ಸಾಕು, ಒಳಗೆ ರೊಟ್ಟಿ ಬಡಿಯುತ್ತ ಕೂತವಳು ಮೂಗಿಗೆ ಸೆರಗು ಹಿಡಿಯುತ್ತಾಳೆ. ನಮ್ಮೂರು ಸವದತ್ತಿ ತಾಲೂಕಿನದು, ಮಲಪ್ರಭೆಯ ಹಿನ್ನೀರಿನ ದಂಡೆಯ ಮೇಲಿದೆ. ಇಲ್ಲಿಂದ ಬೈಲಹೊಂಗಲದ ಆಸ್ಪತ್ರೆಗೆ ಹೋಗಲೇಬೇಕಾಗಿ ಬಂದರೆ ಅವ್ವ ಹಿಂದಿನ ದಿನದಿಂದಲೇ ಊಟ ಬಿಡುತ್ತಾಳೆ. ಸೆರಗಿನ ಗಂಟಿನಲ್ಲಿ ಮೂಸಲು ಒಂದು ನಿಂಬೆಹಣ್ಣು, ಕೈಯಲ್ಲಿ ಕ್ಯಾರಿಬ್ಯಾಗುಗಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಯಾವ ಬೇನೆಗೆ ಬಂದಿದ್ದೇವೆ ಎಂಬುದೇ ನಮಗೆ ಮರೆತಿರುತ್ತದೆ. ಡಾಕ್ಟರು ಮೊದಲು ವಾಂತಿಗೆ ಇಂಜೆಕ್ಷನ್ ಕೊಡುತ್ತಾರೆ.

ಅವಳು ಈ ಮನೆಗೆ ಸೊಸೆಯಾಗಿ ಬಂದದ್ದು ಚಕ್ಕಡಿಯಲ್ಲಿ. ಎತ್ತಿನ ಬಂಡಿಗೆ ನಾವು ಚಕ್ಕಡಿ ಎನ್ನುತ್ತೇವೆ. ಚಕ್ಕಡಿ ಇರುವತನಕ ಅವಳು ಎಲ್ಲ ಕಡೆ ಹೋಗಿ ಬಂದಳು, ಒಂದು ದಿನವೂ ಹೊಟ್ಟೆ ತೊಳೆಸಲಿಲ್ಲ. ಆಮೇಲೆ ಟ್ರ್ಯಾಕ್ಟರು ಬಂತು, ಎತ್ತುಗಳನ್ನು ಮಾರಿದೆವು, ನೊಗ ಅಟ್ಟ ಸೇರಿತು, ಅವ್ವ ಮನೆ ಸೇರಿದಳು.

ಅಲ್ಲಿಂದ ಮುಂದೆ ನಮ್ಮ ಮನೆಯ ಪ್ರವಾಸಗಳೆಲ್ಲ ಒಂದೇ ಥರ. ಕಿತ್ತೂರಿನ ಕೋಟೆಯಿರಲಿ, ಚಚಡಿಯ ವಾಡೆಯಿರಲಿ, ಮಳೆಗಾಲದಲ್ಲಿ ಗೇಟು ತೆರೆದಾಗ ನವಿಲುತೀರ್ಥದ ಅಣೆಕಟ್ಟಿರಲಿ, ಎಲ್ಲರಿಗಿಂತ ಮೊದಲು ಎದ್ದು ಬುತ್ತಿ ಕಟ್ಟುವವಳು ಅವ್ವ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಾದಲಿ, ಗಟ್ಟಿ ಮೊಸರು. ಎಲ್ಲರೂ ಹತ್ತಿದ ಮೇಲೆ ಬುತ್ತಿಯ ಗಂಟನ್ನು ಕಿಟಕಿಯಿಂದ ಒಳಗೆ ಕೊಟ್ಟು, ಉಸಿರು ಬಿಗಿಹಿಡಿದು ಹಿಂದೆ ಸರಿಯುತ್ತಿದ್ದಳು. ಆಗ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಕಿಟಕಿಯಿಂದ ತಲೆ ಹೊರಗೆ ಹಾಕಿ ತನ್ನ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಉಪದೇಶ ಮಾಡುತ್ತಿದ್ದ.

“ಮನಸ ಗಟ್ಟಿ ಮಾಡ್ಬೇಕ್ರಿ ವೈನಿ. ವಾಂತಿ ಅನ್ನೂದೆಲ್ಲಾ ಮನಸಿನ ಆಟ.”

ಟೆಂಪೋ ಹೊರಟ ಮೇಲೆ ಇನ್ನೊಂದು ಮಾತು ಕೂಗುತ್ತಿದ್ದ. “ಇರ್ಲಿ ಬಿಡ್ರಿ, ಸಂಜಿಕ್ಕ ಬಂದು ಎಲ್ಲಾ ಹೇಳ್ತೇವಿ!”

ಸಂಜೆ ಬಂದು ಯಾರೂ ಏನೂ ಹೇಳುತ್ತಿರಲಿಲ್ಲ. “ಏನೇನ ನೋಡಿದ್ರೋ?” ಎಂದು ಅವ್ವ ಕೇಳಿದರೆ ಕಾಕಾ “ನೀರು” ಎಂದು ಹೇಳಿ ಮಗ್ಗುಲಾಗುತ್ತಿದ್ದ. ಅವಳು ಬುತ್ತಿಯ ಡಬ್ಬಿಗಳನ್ನು ತಿಕ್ಕುತ್ತ ಕೂಡುತ್ತಿದ್ದಳು. ಯಾವುದು ಖಾಲಿಯಾಗಿದೆ, ಯಾವುದು ಉಳಿದಿದೆ ಎಂಬುದರಿಂದಲೇ ನಮ್ಮ ಪ್ರವಾಸ ಹೇಗಾಯಿತೆಂದು ತಿಳಿದುಕೊಳ್ಳಬೇಕಾಗಿತ್ತು.

ದೋಣಿಯ ಮಾತು ತೆಗೆದವಳು ನನ್ನ ಹೆಂಡತಿ. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆಯಲ್ಲಿ ಲೆಕ್ಕ ಕಲಿಸಿ ಸಾಲದ್ದಕ್ಕೆ ಮನೆಯಲ್ಲೂ ಕಲಿಸುತ್ತಾಳೆ. ಹೋದ ವರ್ಷ ನವಿಲುತೀರ್ಥಕ್ಕೆ ಹೋಗಿ ಬಂದ ಸಂಜೆ ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು.

“ಅಲ್ರೀ, ನಮ್ಮ ಹೊಲದ ಬದುವಿನ ಮ್ಯಾಲ ನಿಂತ್ರ ಕಾಣೂದೂ ಇದ ನೀರ. ಇದನ್ನ ನೋಡಾಕ ಬಾಡಿಗಿ ಕೊಟ್ಟು ಊರೆಲ್ಲಾ ಸುತ್ತಿ ಹೋಗ್ತೀರಲ್ಲ, ನಿಮಗ ತಲಿ ಐತೋ ಇಲ್ಲೋ? ಒಂದ ಸಣ್ಣ ದೋಣಿ ತಗೋರಿ. ಅತ್ತಿ ಹೊಲದ ತನಕ ನಡಕೊಂತ ಬರ್ತಾರ. ಅಲ್ಲಿಂದ ಆಚಿ ದಿಬ್ಬಕ್ಕ ಹೋಗಿ ಬುತ್ತಿ ಬಿಚ್ಚೂಣು.”

ಆಚೆಯ ದಿಬ್ಬ ಎಂದರೆ ನಮ್ಮ ಹೊಲದ ಎದುರಿಗೆ, ನೀರಿನಾಚೆ ಇರುವ ಒಂದು ಬೋಳು ಗುಡ್ಡ; ಮೇಲೆ ಒಂದೇ ಬೇವಿನ ಮರ. ರಸ್ತೆಯಿಂದ ಹೋಗಬೇಕೆಂದರೆ ಬಸ್ಸು ಬದಲಿಸಬೇಕು. ಹೊಲಕ್ಕೆ ಬಂದಾಗಲೆಲ್ಲ ಅವ್ವ ಆ ಮರವನ್ನು ನೋಡುತ್ತಾಳೆ. “ಅದರ ನೆಳ್ಳಾಗ ಕುಂತ್ರ ನಮ್ಮ ಊರ ಹೆಂಗ ಕಾಣ್ತೈತೋ ಏನೋ” ಎನ್ನುತ್ತಾಳೆ. ನಾನು ಹುಡುಗನಿದ್ದಾಗಿನಿಂದ ಈ ಮಾತು ಕೇಳುತ್ತ ಬಂದಿದ್ದೇನೆ.

ದೋಣಿ ಎಂದ ಕೂಡಲೆ ಅವ್ವ ಕೇಳಿದ್ದು ಒಂದೇ. “ಅದು ಹೊಗಿ ಉಗಳೂದಿಲ್ಲಲ್ಲಾ?”

“ಇಲ್ರಿ ಅತ್ತಿ, ಹುಟ್ಟು ಹಾಕೂದು.”

“ಹಂಗಾದ್ರ ಒಮ್ಮಿ ನಿಮ್ಮ ಜೋಡಿ ಹೊರಗ ಕುಂತು ಉಂಡೇನು” ಎಂದಳು ಅವ್ವ. ನಾನು ಸಿಟ್ಟಿನ ಮನುಷ್ಯ. ಬೈಲಹೊಂಗಲದಲ್ಲಿ ಪಂಪಿನ ಮೋಟರು ವೈಂಡಿಂಗ್ ಮಾಡುವ ಅಂಗಡಿ ನನ್ನದು. ದಿನವಿಡೀ ಸುಟ್ಟ ಮೋಟರು ಬಿಚ್ಚುವವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಆದರೆ ಅವತ್ತು ಯಾರ ಮೇಲೂ ರೇಗದೆ ದೋಣಿ ತರುವುದೆಂದು ಒಪ್ಪಿಕೊಂಡೆ. ಒಳ್ಳೆಯ ಮೋಟರು ಕೂಡಿಸಿ ಭರ್ರನೆ ಓಡಿಸಬೇಕೆಂದು ನನಗೆ ಆಸೆ ಇತ್ತು. ಹೆಂಡತಿ ನನ್ನ ಮುಖ ನೋಡಿಯೇ ತಿಳಿದುಕೊಂಡು “ಮೋಟರ ಹೆಸರ ತಗೀಬ್ಯಾಡ್ರಿ” ಎಂದಳು.

ಇನ್ನು ನಮ್ಮ ಮನೆಯಲ್ಲಿ ಏನೇ ಕೊಳ್ಳಬೇಕಾದರೂ ಕಾಕಾ ಇಲ್ಲದೆ ವ್ಯವಹಾರ ಮುಗಿಯುವುದಿಲ್ಲ. ದನದ ಸಂತೆಯಲ್ಲಿ ದಲಾಲಿ ಮಾಡಿ ತಲೆ ಬೆಳ್ಳಗೆ ಮಾಡಿಕೊಂಡವನು ಅವನು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದನೆಂದರೆ ವಯಸ್ಸು ಹೇಳುತ್ತಾನೆ, ಮೈಮೇಲಿನ ಕೂದಲ ಸುಳಿ ನೋಡಿ ಕೊಂಡವನ ಹಣೆಬರಹ ಹೇಳುತ್ತಾನೆ. ತೊಂದರೆ ಏನೆಂದರೆ, ಆ ಕಣ್ಣಿನಿಂದಲೇ ಅವನು ಜಗತ್ತನ್ನೆಲ್ಲ ನೋಡುತ್ತಾನೆ. ನಾವು ಫ್ರಿಜ್ ಕೊಳ್ಳುವಾಗ ಬಾಗಿಲು ತೆಗೆದು ಬಹಳ ಹೊತ್ತು ಒಳಗೆ ನೋಡಿ “ಬಾಯಿ ಸ್ವಚ್ಛ ಐತಿ” ಎಂದಿದ್ದ. ನನಗೆ ಹೆಣ್ಣು ನೋಡಲು ಹೋದಾಗ ಏನೆಂದನೆಂಬುದನ್ನು ಬರೆದರೆ ನನ್ನ ಹೆಂಡತಿ ಈ ಹಾಳೆಯನ್ನು ಉಳಿಸುವುದಿಲ್ಲ.

“ದೋಣಿ ಅಂದ್ರೇನೋ ತಮ್ಮಾ, ನೀರಾಗ ನಡಿಯೂ ಎತ್ತ. ನಾ ಇದ್ದೇನಿ, ನಡಿ” ಎಂದು ಕಾಕಾ ಹೆಗಲ ಮೇಲೆ ಟವೆಲ್ ಹಾಕಿಕೊಂಡ. ಬಜೆಟ್ಟನ್ನೂ ಅವನೇ ಗೊತ್ತು ಮಾಡಿದ. “ಒಂದ ಹಿಂಡೂ ಎಮ್ಮಿ ರೇಟ ದಾಟಬಾರದು. ದಾಟಿತಂದ್ರ ಎಮ್ಮೀನ ತರೂಣು. ಅದಕ್ಕೂ ಈಜ ಬರ್ತೈತಿ.”

ಹೆಂಡತಿ ಆ ಎಮ್ಮೆಯ ದುಡ್ಡಿನಲ್ಲಿ ಮೊದಲೇ ಒಂದು ಪಾಲು ಕಿತ್ತುಕೊಂಡು ಎಲ್ಲರಿಗೂ ಲೈಫ್ ಜಾಕೆಟ್ ತರಿಸಿಬಿಟ್ಟಳು. ಕಚೇರಿಗೆ ಅಲೆದು ನೀರಿಗಿಳಿಯಲು ಪರವಾನಗಿಯನ್ನೂ ತಂದಳು. ಹೀಗಾಗಿ ದೋಣಿ ಇಲ್ಲದಿದ್ದರೂ ಉಳಿದದ್ದೆಲ್ಲ ನಮ್ಮ ಬಳಿ ಇತ್ತು. ಅವ್ವ ತನ್ನ ಕಿತ್ತಳೆ ಬಣ್ಣದ ಜಾಕೆಟ್ಟನ್ನು ದೇವರ ಕೋಣೆಯ ಗೂಟಕ್ಕೆ ನೇತುಹಾಕಿ, ಬಂದವರಿಗೆಲ್ಲ ತೋರಿಸುತ್ತಿದ್ದಳು.

ಮೊದಲು ನೋಡಿದ್ದು ಹರಗೋಲು. ನಮ್ಮೂರಿನ ಮೀನುಗಾರರ ಹತ್ತಿರವೇ ಇತ್ತು, ಅಗ್ಗವೂ ಆಗಿತ್ತು. ದುಂಡಗಿನ ಬುಟ್ಟಿ, ಗೊತ್ತಿದ್ದವನ ಕೈಯಲ್ಲಿ ನೆಟ್ಟಗೆ ಹೋಗುತ್ತದೆ, ನನ್ನ ಕೈಯಲ್ಲಿ ಇದ್ದಲ್ಲೇ ಗಿರಗಿರ ತಿರುಗಿತು. ಬದುವಿನ ಮೇಲೆ ನಿಂತು ನೋಡುತ್ತಿದ್ದ ಅವ್ವ ಕಣ್ಣು ಮುಚ್ಚಿಕೊಂಡು ನೆಲಕ್ಕೆ ಕೂತುಬಿಟ್ಟಳು. “ತಿರಗಬ್ಯಾಡೋ ನಮ್ಮಪ್ಪಾ, ನೀ ತಿರಗಿದ್ರ ನನಗ ತಿರಗತೈತಿ!” ಎಂದು ಕೂಗಿದಳು. ಮೀನುಗಾರರು ನಗುತ್ತಲೇ ನನ್ನನ್ನು ದಂಡೆಗೆ ಎಳೆದು ತಂದರು.

ಎರಡನೆಯದನ್ನು ಹೆಂಡತಿ ಫೋನಿನಲ್ಲಿ ಆರ್ಡರ್ ಮಾಡಿದಳು. ಗಾಳಿ ತುಂಬುವ ರಬ್ಬರಿನ ದೋಣಿ. ನಾನು ಅಂಗಡಿಯ ಕಂಪ್ರೆಸರ್ ತಂದು ಅಂಗಳದಲ್ಲಿ ಗಾಳಿ ಹೊಡೆದೆ. ಉಬ್ಬಿ ಉಬ್ಬಿ ತುಳಸಿಕಟ್ಟೆಯ ತನಕ ಬಂತು. ಅವ್ವ ಸಮೀಪ ಬಂದವಳು ಮೂಗು ಮುಚ್ಚಿಕೊಂಡು “ಇದು ಬಸ್ಸಿನ ಗಾಲಿ ನಾರಿದಂಗ ನಾರತೈತಿ” ಎಂದು ಒಳಗೆ ನಡೆದಳು. ಅಷ್ಟರಲ್ಲಿ ಕಾಕಾ ಅದರ ಎದೆಗಟ್ಟಿ ಎಷ್ಟಿದೆ ನೋಡೋಣವೆಂದು ಚಪ್ಪಲಿ ಕಾಲಿಟ್ಟು ಒತ್ತಿದ. ನಮ್ಮ ಕಡೆಯ ಚಪ್ಪಲಿಯಲ್ಲಿ ಜಾಲಿಮುಳ್ಳು ಇರದ ದಿನವಿಲ್ಲ. ದೋಣಿ ಸುಯ್ಯೆಂದಿತು. ವಾಪಸು ಕಳಿಸುವ ಹಾಗೂ ಇಲ್ಲ. ಈಗ ಅದು ಮೇವಿನ ಬಣವೆಗೆ ಹೊದಿಕೆಯಾಗಿದೆ.

“ಈ ಜಾಲಿ ಸೀಮ್ಯಾಗ ಗಾಳಿ ತುಂಬಿದ್ದ ಏನೂ ಬಾಳೂದಿಲ್ಲ, ಒಳ್ಳೇದಾತು ಈಗ ತಿಳೀತು” ಎಂದ ಕಾಕಾ, ತಾನು ಏನೋ ಉಪಕಾರ ಮಾಡಿದವನ ಹಾಗೆ.

ಮೂರನೆಯದು ಕಿತ್ತೂರಿನ ಕಡೆ, ಹೆದ್ದಾರಿಯ ಒಂದು ಧಾಬಾದಲ್ಲಿತ್ತು. ಮಕ್ಕಳನ್ನು ಆಡಿಸಲೆಂದು ಒಂದು ಹೊಂಡ ತೋಡಿಸಿ, ಅದು ನಡೆಯದೆ, ಹಂಸದ ಆಕಾರದ ತುಳಿಯುವ ದೋಣಿಯನ್ನು ಮಾರಲು ಇಟ್ಟಿದ್ದರು. ಅವ್ವ ಟೆಂಪೋ ಹತ್ತುವವಳಲ್ಲವಾದ್ದರಿಂದ ವಿಡಿಯೋ ಕಾಲ್ ಹಚ್ಚಿದೆ. ನಾನು ಹಂಸದ ಸುತ್ತ ಒಂದು ಸುತ್ತು ಬರುವುದರೊಳಗೆ ಅವ್ವ “ಫೋನ ಅಲಗಾಡಿಸಬ್ಯಾಡೋ, ಹೊಟ್ಟಿ ತೊಳಸಾಕತ್ತೈತಿ!” ಎಂದು ಚೀರಿ ಫೋನನ್ನು ಬೋರಲು ಹಾಕಿದಳು. ಆಮೇಲೆ ಬರೀ ಕತ್ತಲೆಯಷ್ಟೇ ಕಾಣುತ್ತಿತ್ತು. ಕತ್ತಲೆಯೊಳಗಿಂದ ಅವ್ವನ ಪ್ರಶ್ನೆಗಳು ಬರುತ್ತಿದ್ದವು.

“ತುಳಿಯವರು ಯಾರೋ? ಈ ಮಣಕಾಲ ತಗೊಂಡು ನಾ ಸೈಕಲ್ ಹೊಡೀಲೇನು?”

ಇತ್ತ ಕಾಕಾ ಹಂಸದ ಕೊಕ್ಕು ಬಿಡಿಸಲು ನೋಡುತ್ತಿದ್ದ. ಕೊಕ್ಕು ಬಿಡಿಸುವಂಥದ್ದಲ್ಲ, ಮುಚ್ಚಿಯೇ ಎರಕ ಹೊಯ್ದದ್ದು. ಆದರೆ ಹಲ್ಲು ನೋಡದೆ ಅವನು ಜನ್ಮದಲ್ಲಿ ಏನನ್ನೂ ಕೊಂಡವನಲ್ಲ. ಬಲ ಹಾಕಿದ. ಕೊಕ್ಕಿನ ಮೇಲಿನ ಅರ್ಧ ಕಿತ್ತು ಅವನ ಕೈಗೆ ಬಂತು. ಧಾಬಾದವನು ಓಡಿ ಬಂದ. ಕಾಕಾ ಆ ತುಂಡನ್ನು ಅವನ ಕೈಗಿಟ್ಟು “ಭಾಳ ವಯಸ್ಸಾಗೈತ್ರಿ ಇದಕ್ಕ” ಎಂದ. ಅಲ್ಲಿಂದ ನಾವು ಚಹಾ ಸಹ ಕುಡಿಯದೆ ಹೊರಟೆವು.

ನಾಲ್ಕನೆಯ ದೋಣಿಯನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸವದತ್ತಿಯಲ್ಲಿ ಒಬ್ಬರ ಹಿತ್ತಲಲ್ಲಿ ಇತ್ತು. ಫೈಬರಿನದು, ಗಟ್ಟಿಮುಟ್ಟು, ನಾಲ್ಕು ಜನ ಆರಾಮಾಗಿ ಕೂಡುವಂಥದ್ದು. ಎಮ್ಮೆಯ ಬೆಲೆಯೊಳಗೇ ಇತ್ತು. ವಾಸನೆಯಿಲ್ಲ, ಬಿರುಕಿಲ್ಲ. ನನಗೆ ಮನಸ್ಸಿಗೆ ಬಂದು ಕೈ ಜೇಬಿಗೆ ಹೋಗಿತ್ತು. ಕಾಕಾ ಅದರ ಸುತ್ತ ಬಂದು, ಕೈಯಾಡಿಸಿ, ಎಡಗಡೆ ಒಂದು ಕಡೆ ನಿಂತುಬಿಟ್ಟ. ಅಲ್ಲಿ ದುಂಡಗಿನ ಗೆರೆಗಳ ಒಂದು ಗುರುತು ಇತ್ತು.

“ಎಡಭುಜದ ಮ್ಯಾಲ ಸುಳಿ ಐತಿ. ಇಂಥಾದ್ದು ಕಟ್ಟಿದ ಮನಿ ಉದ್ಧಾರ ಆಗೂದಿಲ್ಲ.”

“ಕಾಕಾ, ಅದು ಪಾಲಿಶ್ ಹೊಡದ ಗುರ್ತು!”

“ಸುಳಿ ಸುಳೀನ. ಹ್ಯಾಂಗ ಬಿದ್ರೇನು?”

ಸವದತ್ತಿಯಿಂದ ಊರಿನ ತನಕ ನಾವಿಬ್ಬರೂ ಟೆಂಪೋದಲ್ಲಿ ಬೈದಾಡಿಕೊಂಡು ಬಂದೆವು. ಆಮೇಲೆ ಮಾತೇ ಬಿಟ್ಟೆವು. ಊಟಕ್ಕೆ ಕೂತಾಗ ಕಾಕಾ “ವೈನಿ, ಚಟ್ನಿ ಈ ಕಡಿ ಸರಸಾಕ ಹೇಳ್ರಿ ನಿಮ್ಮ ಮಗಗ” ಎನ್ನುತ್ತಿದ್ದ. ಅವ್ವನೇ ಎದ್ದು ಚಟ್ನಿ ಸರಿಸುತ್ತಿದ್ದಳು. ಒಂದು ದಿನ ನೋಡುತ್ತೇನೆ, ದೇವರ ಕೋಣೆಯ ಗೂಟದಲ್ಲಿ ಜಾಕೆಟ್ ಇಲ್ಲ. ಮಡಿಸಿ ಟ್ರಂಕಿನಲ್ಲಿ ಇಟ್ಟಿದ್ದಳು. “ಧೂಳ ಹತ್ತತೈತಿ ಅಂತ ಇಟ್ಟೇನಿ” ಎಂದಳು. ಅವಳು ಆಸೆ ಬಿಟ್ಟಿದ್ದಳೆಂಬುದು ನನಗೆ ತಿಳಿಯಿತು. ಕಾಕಾನಿಗೂ ತಿಳಿದಿರಬೇಕು, ಮರುದಿನ ಅವನೇ ಬಂದು, ನನ್ನ ಮುಖ ನೋಡದೆ, ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ದೋಣಿ ಇದೆಯಂತೆ ಎಂದು ಗೋಡೆಗೆ ಹೇಳಿದ.

ಸಾಲಹಳ್ಳಿಯಲ್ಲಿ ಒಬ್ಬರು ರೈತರು ಕೃಷಿಹೊಂಡದಲ್ಲಿ ಮೀನು ಸಾಕಲು ಹೋಗಿ ಕೈಬಿಟ್ಟಿದ್ದರು. ಅವರ ಹತ್ತಿರ ಇದ್ದದ್ದು ಒಂದಲ್ಲ, ಒಂದೇ ಅಳತೆಯ ಎರಡು ದೋಣಿ. ಉದ್ದಕ್ಕೆ ಸಪೂರ, ಒಬ್ಬ ಕೂಡುವಷ್ಟೇ ಅಗಲ. ನೋಡಿದ ಕೂಡಲೆ ನನಗೆ ಇವುಗಳಿಂದ ಪ್ರಯೋಜನವಿಲ್ಲ ಎಂದು ಗೊತ್ತಾಯಿತು. ರೈತರು ಪಾಪ, ಹೇಗೆ ತೇಲುತ್ತದೆ ತೋರಿಸುತ್ತೇನೆಂದು ಒಂದರಲ್ಲಿ ನಿಂತರು. ನಿಂತವರು ಏನೋ ಹೇಳಲು ನಮ್ಮ ಕಡೆ ತಿರುಗಿದರು. ಮುಂದಿನ ಮಾತು ನೀರೊಳಗಿಂದ ಬಂತು.

“ನಡಿ ಕಾಕಾ, ಹೋಗೂಣು” ಎಂದೆ. ಕಾಕಾ ಕದಲಲಿಲ್ಲ. ಅವನ ಮುಖ ಅರಳಿತ್ತು.

“ಜೋಡಿ ನೋಡೋ ಹೆಂಗೈತಿ! ಒಂದ ಎತ್ತರ, ಒಂದ ಮೈಕಟ್ಟು, ಒಂದ ಬಣ್ಣ. ಸುಳಿ ಇಲ್ಲ, ಕಲಿ ಇಲ್ಲ.”

“ಒಂದರಾಗ ಕುಂದರಾಕ ಆಗೂದಿಲ್ಲ, ಎರಡ ತಗೊಂಡು ಏನ ಮಾಡ್ತಿ?”

“ಒಂಟಿ ಎತ್ತ ಯಾರರ ಕೊಳ್ತಾರೇನು?” ಎಂದ ಕಾಕಾ. ಅವನ ಮಟ್ಟಿಗೆ ಅಲ್ಲಿಗೆ ಚರ್ಚೆ ಮುಗಿಯಿತು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ವ್ಯಾಪಾರ ಕುದುರಿಸುತ್ತಾರೆ. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು, ಒದ್ದೆಯಾಗಿ ನಿಂತಿದ್ದ ರೈತರ ಕೈಯ ಮೇಲೆ ಹಾಕಿದ. ಅವರು ಮೈ ಒರೆಸಿಕೊಳ್ಳಲು ಕೊಟ್ಟನೆಂದು ತಿಳಿದು ಟವೆಲ್ ಎತ್ತಿ ತಲೆ ಒರೆಸಿಕೊಂಡರು. ಕಾಕಾ ಮತ್ತೆ ಇಸಿದುಕೊಂಡು ಮತ್ತೆ ಕೈಯ ಮೇಲೆ ಹಾಕಿ ಬೆರಳು ಹಿಡಿದ. ಅವರು ಗಾಬರಿಯಾಗಿ ನನ್ನ ಕಡೆ ನೋಡಿದರು. “ರೇಟ ಕೇಳಾಕತ್ತಾರ್ರಿ” ಎಂದೆ. ರೈತರು ಸಮಾಧಾನದಿಂದ, ಊರಿಗೆಲ್ಲ ಕೇಳುವಂತೆ, ಎರಡಕ್ಕೂ ಸೇರಿ ಬೆಲೆ ಕೂಗಿದರು. ಕಾಕಾ ಆ ಕಡೆ ಈ ಕಡೆ ನೋಡಿ ನಾಚಿಕೊಂಡ. ಆದರೆ ಬೆಲೆ ಎಮ್ಮೆಯ ಅರ್ಧಕ್ಕೂ ಬರದಷ್ಟು ಕಡಿಮೆಯಿತ್ತು, ಹೀಗಾಗಿ ಅವಮಾನ ನುಂಗಿಕೊಂಡ.

ಟ್ರೇಲರಿನಲ್ಲಿ ಹೇರಿಕೊಂಡು ಬರುವಾಗ ರಾಮದುರ್ಗದಲ್ಲಿ ಚಹಾಕ್ಕೆ ನಿಂತೆವು. ನಾಲ್ಕಾರು ಜನ ಸುತ್ತ ನೆರೆದು, ದನಕ್ಕೆ ಮೇವು ಹಾಕಲು ಇಷ್ಟು ಚೆಂದದ ತೊಟ್ಟಿ ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಊರಿಗೆ ಬಂದ ಮೇಲೆ ಹೆಂಡತಿ ಎರಡೂ ದೋಣಿಗಳನ್ನು ನೋಡಿ, ನನ್ನನ್ನು ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಾಕಾ ಮಾತ್ರ ಅಟ್ಟ ಹತ್ತಿ ನಮ್ಮ ಹಳೆಯ ಚಕ್ಕಡಿಯ ನೊಗ ಇಳಿಸಿದ. ಜೇಡರ ಬಲೆ ಒರೆಸಿ, ಎಣ್ಣೆ ಹಚ್ಚಿ, ಎರಡು ದೋಣಿಗಳನ್ನು ಪಕ್ಕಪಕ್ಕಕ್ಕೆ ಸರಿಸಿ, ಮೇಲೆ ಅಡ್ಡ ಇಟ್ಟ. “ಹೂಡು” ಎಂದ ನನಗೆ.

ಬೈಯಬೇಕೆಂದು ಬಾಯಿ ತೆರೆದವನು ಹಾಗೇ ನಿಂತೆ. ಒಂದೊಂದೇ ಆದರೆ ಮಗುಚುವ ದೋಣಿಗಳು, ನಡುವೆ ಅಂತರ ಬಿಟ್ಟು ಬಿಗಿದರೆ ಮಗುಚಲು ಸಾಧ್ಯವಿಲ್ಲ. ಕಾಕಾನಿಗೆ ಇದು ಹೊಳೆದಿತ್ತೇ ಎಂದರೆ, ಖಂಡಿತ ಇಲ್ಲ. ಅವನಿಗೆ ಜೋಡಿ ಕಂಡರೆ ನೊಗ ನೆನಪಾಗುತ್ತದೆ, ಅಷ್ಟೇ. ಆದರೆ ಇಂದಿಗೂ ಅವನು ಹಾಗೆ ಒಪ್ಪಿಕೊಂಡಿಲ್ಲ. ನೊಗವೊಂದೇ ಸಾಲದೆಂದು ನಾನು ಬೋರಿನ ಹಳೆಯ ಪೈಪುಗಳನ್ನು ಹಿಂದೊಂದು ಮುಂದೊಂದು ಅಡ್ಡ ಹಾಕಿ, ಬೋಲ್ಟು ಬಿಗಿದು, ನಡುವೆ ಹಲಗೆ ಜಡಿದೆ. ಮರಳಿನ ಚೀಲ ಪೇರಿಸಿ ದಂಡೆಯ ಹತ್ತಿರ ತೇಲಿಬಿಟ್ಟು ನೋಡಿದೆವು. ನಾನು ಅಂಚಿನಲ್ಲಿ ನಿಂತು ಕುಣಿದರೂ ಅದು ಕದಲಲಿಲ್ಲ. ಕಾಕಾನೂ ನಾನೂ ಮತ್ತೆ ಮಾತು ಶುರು ಮಾಡಿದೆವು.

ಹುಟ್ಟು ಹಾಕುವುದು ಬೇರೆ ಕತೆ. ಒಂದೊಂದು ದೋಣಿಗೆ ಒಬ್ಬೊಬ್ಬರು: ಎಡಕ್ಕೆ ನಾನು, ಬಲಕ್ಕೆ ನನ್ನ ಹೆಂಡತಿ. ಇಬ್ಬರ ಕೈಯೂ ಒಂದೇ ಸಲ ಬೀಳಬೇಕು, ಇಲ್ಲದಿದ್ದರೆ ಇಡೀ ಬಂಡಿ ಸುತ್ತು ಹೊಡೆಯುತ್ತದೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾವಿಬ್ಬರೂ ಯಾವ ಕೆಲಸವನ್ನೂ ಒಂದೇ ಸಲ ಮಾಡಿದವರಲ್ಲ. ಕಾಕಾ ಬದುವಿನ ಮೇಲೆ ಬಾರುಕೋಲು ಹಿಡಿದು ನಿಂತು ಕೂಗುತ್ತಿದ್ದ.

“ಎಡಗಡಿದು ಜಗ್ಗವಲ್ದು! ಬಲಗಡಿದು ಭೇಷ್ ಐತಿ, ಎಡಗಡಿದು ಮೈಗಳ್ಳ!”

ಹೊಲಕ್ಕೆ ಬಂದವರೆಲ್ಲ ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದರು. ಹೆಂಡತಿಯ ಶಾಲೆಯ ಮಕ್ಕಳಿಗೂ ಸುದ್ದಿ ಮುಟ್ಟಿತ್ತು. ಕೆಲವು ವಾರ ಹೀಗೆ ಬೈಸಿಕೊಂಡ ಮೇಲೆ ನಮ್ಮ ಹುಟ್ಟುಗಳು ಕೂಡಿಬಂದವು, ದೋಣಿ ನೆಟ್ಟಗೆ ಹೋಗತೊಡಗಿತು.

ಬನ್ನಿ ಹಬ್ಬ ಕಳೆದ ಒಂದು ರವಿವಾರ ಮುಹೂರ್ತವಾಯಿತು. ಹೊಸ ಗಾಡಿ ತಂದರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸುವುದು ಪದ್ಧತಿ. ಇದಕ್ಕೆ ಗಾಲಿ ಎಲ್ಲಿ? ಕಾಕಾ ವಿಚಾರ ಮಾಡಿ ಎರಡೂ ದೋಣಿಗಳ ಮೂತಿಯ ಕೆಳಗೆ ಒಂದೊಂದು ಇಟ್ಟು ನೀರಿಗೆ ನೂಕಿಸಿದ. ತೆಂಗಿನಕಾಯಿಯನ್ನು ದೋಣಿಗೇ ಒಡೆಯಲು ಹೊರಟಿದ್ದ, ನಾನು ಕೈ ಹಿಡಿದುಕೊಂಡೆ, ಕಲ್ಲಿಗೆ ಒಡೆಸಿದೆ. ಪೂಜೆಯ ತಟ್ಟೆಯಲ್ಲಿ ಉಳಿದ ಒಂದು ನಿಂಬೆಹಣ್ಣನ್ನು ಅವ್ವ ಯಾರಿಗೂ ಕಾಣದಂತೆ ಸೆರಗಿಗೆ ಗಂಟು ಹಾಕಿಕೊಂಡಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಕ್ಯಾರಿಬ್ಯಾಗನ್ನೂ ತಂದಿದ್ದಳು. ಇದೂ ಅವಳಿಗೆ ಆಗಿಬರದಿದ್ದರೆ ಇನ್ನು ಯಾವುದೂ ಉಳಿದಿರಲಿಲ್ಲ.

ಇಳಕಲ್ ಸೀರೆಯ ಮೇಲೆ ಕಿತ್ತಳೆ ಜಾಕೆಟ್ ತೊಟ್ಟು, ಅದರ ಮೇಲೆ ಮತ್ತೆ ಸೆರಗು ಹೊದ್ದು, ಅವ್ವ ನಡುವಿನ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ತೊಡೆಯ ಮೇಲೆ ಬುತ್ತಿಯ ಗಂಟು. ಕಾಕಾ ಮಿರ್ಚಿ ಭಜಿ ಹೊಟ್ಟೆ ತುಂಬ ತಿಂದು, ಜಾಕೆಟ್ಟಿನ ಪಟ್ಟಿ ಸಡಿಲ ಬಿಟ್ಟುಕೊಂಡು, ಮುಂದಿನ ಹಲಗೆಯ ಮೇಲೆ ಯಜಮಾನನಂತೆ ಕೂತ. “ಮನಸ ಗಟ್ಟಿ ಮಾಡ್ರಿ ವೈನಿ” ಎಂದ. ಅವ್ವ ನೊಗವನ್ನು ಒಂದು ಕೈಯಿಂದ ಹಿಡಿದು ಕಣ್ಣು ಮುಚ್ಚಿದಳು.

ನಾವು ಹುಟ್ಟು ಹಾಕಿದೆವು. ದಂಡೆ ಬಿಟ್ಟು ಸ್ವಲ್ಪ ದೂರ ಹೋದೆವು. ಹಿಂದೆ ತಿರುಗಿ ನೋಡಲು ನನಗೆ ಧೈರ್ಯವಿರಲಿಲ್ಲ. ಆಮೇಲೆ ಅವ್ವನ ದನಿ ಕೇಳಿತು.

“ಇದು ಚಕ್ಕಡಿನ ಐತಿ. ಚಕ್ಕಡಿ ಹಂಗ ತೂಗತೈತಿ.”

ತಿರುಗಿ ನೋಡಿದರೆ ಕಣ್ಣು ಬಿಟ್ಟಿದ್ದಾಳೆ. ಕೆನ್ನೆ ಬಿಳಿಚಿಲ್ಲ, ಬೆವರಿಲ್ಲ. ಕೈಯನ್ನು ನೀರಿಗೆ ಇಳಿಬಿಟ್ಟು ಆಡಿಸುತ್ತಿದ್ದಾಳೆ. ನನ್ನ ಹೆಂಡತಿ ಹುಟ್ಟು ಹಾಕುವುದನ್ನು ಬಿಟ್ಟು ಅಳತೊಡಗಿದಳು. ದೋಣಿ ಸುತ್ತು ಹೊಡೆಯಿತು. “ಲಕ್ಷ್ಯ ಎಲ್ಲೈತಿ?” ಎಂದು ನಾನು ರೇಗಿದೆ, ಆದರೆ ನನ್ನ ದನಿಯೂ ಸರಿಯಿರಲಿಲ್ಲ.

ನಡುನೀರಿಗೆ ಬರುವಾಗ ಗಾಳಿ ಎದ್ದಿತು. ಸಣ್ಣ ಸಣ್ಣ ತೆರೆಗಳು. ಆಗಲೇ ನನಗೆ ಅನಿಸಿದ್ದು, ಬಹಳ ಹೊತ್ತಿನಿಂದ ಕಾಕಾ ಮಾತಾಡಿಲ್ಲ. ಅವನು ಮೀನು ನೋಡುತ್ತೇನೆಂದು ಬಗ್ಗಿ ನೀರನ್ನೇ ನೋಡುತ್ತ ಬಂದಿದ್ದ. ಅವ್ವ ನಮಗಿಂತ ಮೊದಲೇ ಗಮನಿಸಿದ್ದಳು. ಆ ಲಕ್ಷಣಗಳು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಕಳಿಕೆ ಬರುತ್ತದೆ, ಬಾಯಲ್ಲಿ ನೀರೂರುತ್ತದೆ, ಮೇಲ್ತುಟಿ ಬೆವರುತ್ತದೆ.

“ಏನಾಗಾಕತ್ತೈತೋ ನಿನಗ?” ಎಂದಳು. ಅವಳು ಸೊಸೆಯಾಗಿ ಬಂದಾಗ ಅವನಿಗೆ ಚಡ್ಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲವಂತೆ. ಅವನನ್ನು ಏಕವಚನದಲ್ಲೇ ಕರೆಯುತ್ತಾಳೆ.

“ಏನಿಲ್ರಿ ವೈನಿ. ಸುಮ್ಮ ಕುಂತೇನಿ” ಎಂದ ಕಾಕಾ. ಹಾಗೆಂದವನೇ ದೋಣಿಯ ಅಂಚು ಹಿಡಿದು ಹೊರಗೆ ಬಗ್ಗಿದ. ಮಿರ್ಚಿ ಭಜಿಯೆಲ್ಲ ಮಲಪ್ರಭೆಯ ಪಾಲಾಯಿತು.

ಅವ್ವ ಹಲಗೆಯ ಮೇಲೆ ಕೂತಲ್ಲೇ ಮುಂದೆ ಸರಿದು ಅವನ ಹಣೆ ಹಿಡಿದಳು. ಬೆನ್ನು ಸವರಿದಳು. ಸೆರಗಿನ ಗಂಟು ಬಿಚ್ಚಿ ನಿಂಬೆಹಣ್ಣು ತೆಗೆದು ಉಗುರಿನಿಂದ ಸಿಪ್ಪೆ ಗೀರಿ ಅವನ ಮೂಗಿಗೆ ಹಿಡಿದಳು. ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡುತ್ತ ಕಾದೆವು. ಮನಸ್ಸು ಗಟ್ಟಿ ಮಾಡು ಎಂಬ ಮಾತು ಈಗ ಬಂತು, ಇಗೋ ಬಂತು ಎಂದು. ಅವ್ವ ಅದನ್ನು ಹೇಳಲಿಲ್ಲ. “ಬರ್ಲಿ ಬಿಡು, ಹೊರಗ ಬಂದ್ರ ಹಗರ ಆಗ್ತೈತಿ” ಎಂದಳಷ್ಟೇ. ಆಮೇಲೆ ನಮ್ಮ ಕಡೆ ತಿರುಗಿ, “ತಿರಗಿಸ್ರಿ. ಇವನ್ನ ದಂಡಿಗೆ ಮುಟ್ಟಸೂಣು” ಎಂದಳು.

ದಿಬ್ಬದ ಬೇವಿನ ಮರ ಎದುರಿಗೇ ಕಾಣುತ್ತಿತ್ತು. ನನಗೆ ಅಳುವಷ್ಟು ಸಿಟ್ಟು ಬಂತು. ಇಷ್ಟು ದಿನ ಒದ್ದಾಡಿ, ಅರ್ಧ ನೀರು ದಾಟಿ, ಅವ್ವ ಗಟ್ಟಿಯಾಗಿ ಕೂತಿರುವಾಗ, ಈ ಮನುಷ್ಯನ ಭಜಿಯಿಂದಾಗಿ ವಾಪಸು! ಹಲ್ಲು ಕಚ್ಚಿಕೊಂಡು ದೋಣಿ ತಿರುಗಿಸಿದೆ. ನಮ್ಮ ಹೊಲಕ್ಕೆ ಮುಟ್ಟಿ ಕಾಕಾನನ್ನು ತೋಳು ಹಿಡಿದು ಇಳಿಸಿ, ಬದುವಿನ ಜಾಲಿಮರದ ನೆರಳಲ್ಲಿ ಕೂಡಿಸಿದೆ. ಬುತ್ತಿಯನ್ನು ಇಳಿಸಿಕೊಳ್ಳಲೆಂದು ದೋಣಿಗೆ ಮರಳಿ ಕೈ ಚಾಚಿದೆ. ಅವ್ವ ಗಂಟು ಕೊಡಲಿಲ್ಲ. ಅದನ್ನು ಬಿಚ್ಚಿ ಮೊಸರಿನ ಡಬ್ಬಿಯನ್ನೂ ಎರಡು ರೊಟ್ಟಿಯನ್ನೂ ತೆಗೆದು ನನ್ನ ಕೈಗಿಟ್ಟಳು.

“ಇದನ್ನ ಅವಗ ಕೊಟ್ಟು ಲಗೂನ ಬಾ. ಬಿಸಲ ಏರತೈತಿ.”

“ಎಲ್ಲಿಗಿ ಯವ್ವಾ?”

“ಎಲ್ಲಿಗಿ ಅಂದ್ರ? ದಿಬ್ಬಕ್ಕ!”

ನಾನು ಓಡಿ ಹೋಗಿ ಕೊಟ್ಟು ಬಂದು ಹುಟ್ಟು ಹಿಡಿದೆ. ದೋಣಿ ದಂಡೆ ಬಿಡುವಾಗ ಅವ್ವ ನೊಗ ಹಿಡಿದು ಹಿಂದೆ ತಿರುಗಿದಳು. ಕಾಕಾ ಮರದ ಕೆಳಗೆ ನಿಂಬೆಹಣ್ಣು ಮೂಗಿಗೆ ಹಿಡಿದು, ಕಿತ್ತಳೆ ಜಾಕೆಟ್ ತೊಟ್ಟುಕೊಂಡೇ ಕೂತು ನಮ್ಮನ್ನು ನೋಡುತ್ತಿದ್ದ.

“ಮೊಸರು ಕುಡುದು ಮಲ್ಕೋಪಾ,” ಅವ್ವ ಕೂಗಿದಳು. “ಸಂಜಿಕ್ಕ ಬಂದು ಎಲ್ಲಾ ಹೇಳ್ತೇವಿ!”

ಅವಳು ಕುಚೋದ್ಯಕ್ಕೆ ಹೇಳಲಿಲ್ಲ. ಅವಳ ದನಿಯಲ್ಲಿ ಕನಿಕರವೇ ಇತ್ತು. ಹಿಂದೆ ಉಳಿಯುವವರಿಗೆ ಹೇಳುವ ಮಾತು ಅದು ಎಂದು ಅವಳು ನಮ್ಮಿಂದಲೇ ಕಲಿತಿದ್ದಳು. ನನ್ನ ಹೆಂಡತಿ ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ. ಇಬ್ಬರೂ ಹುಟ್ಟು ಹಾಕಿದೆವು.

ಬೇವಿನ ನೆರಳಲ್ಲಿ ಅವ್ವ ನಮಗೆ ಬಡಿಸಿ, ತಾನೂ ಬಡಿಸಿಕೊಂಡು, ಮೊದಲ ತುತ್ತು ಕೈಯಲ್ಲಿ ಹಿಡಿದೇ ಬಹಳ ಹೊತ್ತು ನಮ್ಮೂರನ್ನು ನೋಡಿದಳು. ರೊಟ್ಟಿ ಹೊರಗೆ ತಿಂದರೆ ಇಷ್ಟು ರುಚಿಯಿರುತ್ತದೆಂದು ತನಗೆ ಗೊತ್ತೇ ಇರಲಿಲ್ಲ ಎಂದಳು. ಆಮೇಲೆ ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಸಂಜೆ ಮನೆಗೆ ಬಂದಾಗ ಕಾಕಾ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವ್ವ ಡಬ್ಬಿಗಳನ್ನು ತಿಕ್ಕಲು ಹೋಗಲಿಲ್ಲ, ಅವನ ಹತ್ತಿರ ಬಂದು ಕೂತಳು. ಆಚೆಯಿಂದ ನೋಡಿದರೆ ನಮ್ಮ ಮನೆಯ ಹೆಂಚು ಒಂದು ಕಡೆ ಕಪ್ಪಾಗಿ ಕಾಣುತ್ತದೆ, ಗುಡಿ ಊರ ನಡುವೆ ಇಲ್ಲ, ಒಂದು ಬದಿಗೇ ಇದೆ, ನಮ್ಮ ಹೊಲ ಅಂಗೈ ಅಗಲ, ನೀನು ಜಾಲಿಮರದ ಕೆಳಗೆ ಒಂದು ಕಿತ್ತಳೆ ಹಣ್ಣಿನಷ್ಟು ಕಾಣುತ್ತಿದ್ದಿ ಎಂದು ಒಂದೊಂದಾಗಿ ಶುರು ಮಾಡಿದಳು. ದೀಪ ಹಚ್ಚುವ ಹೊತ್ತು ದಾಟಿದರೂ ಇನ್ನೂ ಹೇಳುತ್ತಲೇ ಇದ್ದಳು. ಕಾಕಾ ಈ ಕಡೆ ಹೊರಳಿ, ತಲೆಗೆ ಕೈ ಕೊಟ್ಟುಕೊಂಡು, “ಆಮ್ಯಾಲ ಏನಾತ್ರಿ ವೈನಿ?” ಎನ್ನುತ್ತಿದ್ದ.